ಅಣ್ಣನಿಲ್ಲದ ಪ್ರಬಂಧ

ಅಬುಧಾಬಿಯಲ್ಲಿ ನಾನಿದ್ದದ್ದು ಕೊರಿಯಾದವರ ಒಂದು ಕಟ್ಟಡ ಕಂಪನಿಯಲ್ಲಿ. ನಕ್ಷೆ, ಪತ್ರಗಳನ್ನು ಜೋಡಿಸಿಡುವ ಕೆಲಸ. ನಮ್ಮ ಮ್ಯಾನೇಜರ್ ಅರವತ್ತರ ಹತ್ತಿರದ ಕೊರಿಯನ್, ಮಾತು ಕಡಿಮೆ. ಆ ವರ್ಷ ಹನ್ನೊಂದನೇ ಕ್ಲಾಸಿನಲ್ಲಿದ್ದ ನನ್ನ ಮಗಳಿಗೆ ಶಾಲೆಯಲ್ಲಿ ಒಂದು ಪ್ರಬಂಧ ಕೊಟ್ಟಿದ್ದರು: ಕೊರಿಯಾ, ತೈವಾನ್‌ಗಳಲ್ಲಿ ಸಂಪತ್ತು ಬೆಳೆದ ಮೇಲೆ ಪ್ರಜಾಪ್ರಭುತ್ವ ಬಂದದ್ದು ಹೇಗೆ?

"ನಮ್ಮ ಆಫೀಸಲ್ಲೇ ಒಬ್ಬರು ಇದ್ದಾರಲ್ಲ, ಅವರನ್ನೇ ಕೇಳುವ," ಎಂದೆ.

ಒಂದು ಶುಕ್ರವಾರ ಅವರು ಖಾಲಿದಿಯಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದರು. ಮೀನಾ ಬಂದರಿನ ಮಾರುಕಟ್ಟೆಯಿಂದ ಅಂಜಲ್ ಮೀನು ತಂದು ಹುರಿದಿದ್ದೆ. ಮಗಳು ನೋಟ್‌ಬುಕ್ ಬಿಚ್ಚಿ ಇಂಗ್ಲಿಷಿನಲ್ಲಿ ಕೇಳಿದಳು: "ಸರ್, ದುಡ್ಡು ಬಂದದ್ದಕ್ಕೇ ಡೆಮಾಕ್ರಸಿ ಬಂತಾ?"

ಅವರು ತಮ್ಮ ಅಣ್ಣನ ವಿಷಯ ಹೇಳಿದರು. ಅಣ್ಣ ನೂಲಿನ ಗಿರಣಿಯಲ್ಲಿದ್ದನಂತೆ. ಕಾರ್ಮಿಕರ ಸಂಘ ಕಟ್ಟಲು ಹೊರಟದ್ದಕ್ಕೆ ಪೊಲೀಸರು ಎತ್ತಿಕೊಂಡು ಹೋದರು. ಆಗ ಇವರು ಸೌದಿಯ ಮರಳಿನಲ್ಲಿ ರಸ್ತೆ ಹಾಕುತ್ತಿದ್ದ ಹುಡುಗ. ತಾಯಿಯ ಪತ್ರದಲ್ಲಿ 'ಅಣ್ಣ ಊರಲ್ಲಿಲ್ಲ' ಎಂದಷ್ಟೇ ಇತ್ತು. ರಜೆಯಲ್ಲಿ ಹೋದಾಗ ಅಣ್ಣ ಮನೆಗೆ ಮರಳಿದ್ದ; ಆದರೆ ಒಂದು ಕಿವಿ ಕೇಳುತ್ತಿರಲಿಲ್ಲ, ಬಾಗಿಲು ತಟ್ಟಿದರೆ ನಡುಗುತ್ತಿದ್ದ.

"ಕೆಲವು ವರ್ಷಗಳ ನಂತರ ಜನ ಬೀದಿಗಿಳಿದರು, ಚುನಾವಣೆ ಬಂತು. ನಾವೆಲ್ಲ ಸಾಲಲ್ಲಿ ನಿಂತು ವೋಟು ಹಾಕಿದೆವು. ಅಣ್ಣ ಕೋಣೆಯಿಂದ ಹೊರಗೆ ಬರಲಿಲ್ಲ. ಅಷ್ಟೊತ್ತಿಗೆ ನಮ್ಮ ಮನೆಯಲ್ಲಿ ಫ್ರಿಜ್ಜೂ ಇತ್ತು, ಟಿವಿಯೂ ಇತ್ತು. ಯಾವುದರಿಂದ ಯಾವುದು ಬಂತು ಅಂತ ನನ್ನನ್ನು ಕೇಳಬೇಡಮ್ಮ."

ಮಗಳು ಅದನ್ನೇ ಮೊದಲ ಪುಟದಲ್ಲಿ ಬರೆದಳು. ಟೀಚರ್ ಅಡ್ಡಗೆರೆ ಎಳೆದು, ಇದು ಒಬ್ಬರ ಮನೆಯ ಕತೆ, ಪುರಾವೆಯಲ್ಲ ಎಂದರಂತೆ. ಇವಳು ತೆಗೆದುಬಿಟ್ಟಳು.

"ಅದು ಅಲ್ಲೇ ಇರ್ಲಿ ಮಾರಾಯ್ತಿ, ಎಷ್ಟು ಕಷ್ಟದಲ್ಲಿ ಹೇಳಿದ್ದು ಅವರು!"

"ಅಮ್ಮಾ, ಮಾರ್ಕ್ಸ್ ಕಟ್ ಮಾಡ್ತಾರೆ. ನೀನು ಬಂದು ಮಿಸ್ ಹತ್ರ ಮಾತಾಡ್ತೀಯಾ?"

ನಾನು ಹೋಗಲಿಲ್ಲ. ಹದಿನಾಲ್ಕು ವರ್ಷ ಆ ದೇಶದಲ್ಲಿ ಯಾವ ಕೌಂಟರಿನ ಮುಂದೆಯೂ ದನಿ ಎತ್ತದೆ ಬದುಕಿದವಳು ನಾನು. ಶಾಲೆಯ ಗೇಟಿನ ಹತ್ತಿರ ಒಂದು ದಿನ ಟೀಚರ್ ಎದುರಿಗೇ ಸಿಕ್ಕಿದರು. ನಕ್ಕು, ಹವೆಯ ಬಗ್ಗೆ ಮಾತಾಡಿ ಬಂದೆ.

ಮ್ಯಾನೇಜರ್ ಎರಡು ಸಲ ಪ್ರಬಂಧ ಕೇಳಿದರು. ಎರಡು ಸಲವೂ ಏನೋ ನೆಪ ಹೇಳಿದೆ. ನಿವೃತ್ತರಾಗಿ ಊರಿಗೆ ಹೊರಡುವ ವಾರ ಮತ್ತೆ ಕೇಳಿದಾಗ ಕೊಡದೆ ವಿಧಿಯಿರಲಿಲ್ಲ. ನನ್ನ ಮೇಜಿನ ಪಕ್ಕ ನಿಂತೇ ಓದಿದರು. ಕೊನೆಗೆ ಬಂದವರು ಮತ್ತೆ ಮೊದಲ ಪುಟಕ್ಕೆ ಹೋಗಿ, ಹಾಳೆಗಳು ಅಂಟಿಕೊಂಡಿವೆಯೇನೋ ಎಂಬಂತೆ ಹೆಬ್ಬೆರಳಿನಿಂದ ತಿಕ್ಕಿ ನೋಡಿದರು.

"ಸರ್, ಅದು ಟೀಚರ್..." ಎಂದೆ.

"ನನ್ನ ಮಗನ ಪಾಠಪುಸ್ತಕದಲ್ಲೂ ಅಣ್ಣನಂಥವರು ಇರಲಿಲ್ಲ," ಎಂದರು. ಪ್ರಬಂಧವನ್ನು ಮೇಜಿನ ಮೇಲಿಟ್ಟು, ಸಹಿ ಹಾಕಬೇಕಿದ್ದ ಕಡತ ಕೇಳಿದರು.

ಕೊಟ್ಟೆ.