ಎರಡು ಸಲ ತಟ್ಟಿದ್ರೆ ಸುರಿ

ನನ್ನ ತಮ್ಮನ ವಿಷಯ ಹೇಳು ಅಂದ್ಯಲ್ಲ, ಹೇಳ್ತೀನಿ, ಬರ್ಕೋ. ಮಧ್ಯೆ ಎಲ್ಲೆಲ್ಲೋ ಹೋದ್ರೆ ಬೇಜಾರ್ ಮಾಡ್ಕೋಬೇಡ, ವಯಸ್ಸಾದ ಬಾಯಿ, ಬ್ರೇಕ್ ಹಿಡಿಯಲ್ಲ.

ಅವನು ಬಾಡಿಗೆ ಕಾರು ಓಡಿಸ್ತಿದ್ದ. ಆಯಸ್ಸೆಲ್ಲ ಅದೇ ಕೆಲಸ. ಉಗುರು ಸಂದೀಲಿ ಯಾವಾಗ್ಲೂ ಕಪ್ಪು, ಅದಕ್ಕೇ ಬೀದಿಯೋರೆಲ್ಲ ಗ್ರೀಸಪ್ಪ ಅಂತಿದ್ರು. ಮದುವೆಗೆ ಮುಂಚೆ ನಾನೇ ಕೂರಿಸ್ಕೊಂಡು ನಿಂಬೆಹಣ್ಣು ಹಾಕಿ ಉಜ್ಜಿದೀನಿ. ನನ್ನ ಕೈ ಉರೀತೇ ಹೊರತು ಅವನ ಕೈ ಹಾಗೇ ಇತ್ತು.

ಕಾರನ್ನ ಗ್ಯಾರೇಜಿಗೆ ಬಿಡೋ ಜಾತಿಯೋನಲ್ಲ. ಆಯಿಲ್ ಬದಲಾಯಿಸೋದು ಅಂತೂ ಮನೆ ಮುಂದೇನೇ. ಮುಂದಿನ ಚಕ್ರಾನ ಇಳಿಜಾರು ಹಲಗೆ ಮೇಲೆ ಹತ್ತಿಸಿ, ಇಂಜಿನ್ನು ಸ್ವಲ್ಪ ಬೆಚ್ಚಗಾದ್ಮೇಲೆ ಆಫ್ ಮಾಡಿ, ಹಳೇ ಚಾಪೆ ಹಾಸ್ಕೊಂಡು ಕೆಳಗೆ ನುಗ್ಗೋನು. ತಳದ ಬೋಲ್ಟ್ ಬಿಚ್ಚಿದ್ರೆ ಕಪ್ಪು ಎಣ್ಣೆ ಬುಳುಬುಳು ಅಂತ ಬೋಗುಣಿಗೆ ಬೀಳೋದು. ಆಮೇಲೆ ಬೋಲ್ಟ್ ಬಿಗಿ ಮಾಡಿ, ಹೊಸ ಎಣ್ಣೆ ಮೇಲಿಂದ ಹಾಕ್ಬೇಕು. ಆ ಮೇಲಿನ ಕೆಲಸ ಅವನ ಹೆಂಡ್ತೀದು. ಅವಳು ಬಂದ ಹೊಸದರಲ್ಲಿ, ಪಾಪ, ಅವನಿನ್ನೂ ಬೋಲ್ಟ್ ಹಾಕಿರ್ಲಿಲ್ಲ, ಇವಳು ಸುರಿದೇ ಬಿಟ್ಳು. ಹೊಸ ಎಣ್ಣೆ ಪೂರ್ತಿ ಅವನ ಎದೆ ಮೇಲೆ. ಪಕ್ಕದಲ್ಲಿ ತಗಡಿನ ಡಬ್ಬ ಮಾಡೋ ಶೆಡ್ಡು, ಬೆಳಗ್ಗಿಂದ ಸಂಜೆವರೆಗೂ ಡಬಡಬ. ಕೆಳಗಿಂದ ಇವನು ಕಿರುಚಿದ್ದು ಅವಳಿಗೆ ಕೇಳಿಸ್ಬೇಕಲ್ಲ. ಅವತ್ತೇ ಇಬ್ರೂ ಮಾತಾಡ್ಕೊಂಡ್ರು: ಸ್ಪ್ಯಾನರಿಂದ ಇಂಜಿನ್ನಿಗೆ ಎರಡು ಸಲ ತಟ್ಟಿದ್ರೆ ಸುರಿ, ತಟ್ಟೋವರೆಗೂ ಎಣ್ಣೆ ಡಬ್ಬ ಎತ್ತಬೇಡ.

ಅವಳು ಆಲಿಕೆ ಇಟ್ಕೊಂಡು ಮೇಲೆ ನಿಂತಿರೋದು, ಶೆಡ್ಡಿನ ಸದ್ದು ಸ್ವಲ್ಪ ನಿಂತಾಗ ಇವನು ಕೆಳಗಿಂದ, "ಏನ್ ಮೇಸ್ತ್ರೀ, ರೆಡೀನಾ?" ಅನ್ನೋದು. "ನಿನ್ನ ಹಾಗೆ ಮಲ್ಕೊಂಡಿಲ್ಲ, ಕೆಲಸ ನೋಡು" ಅಂತ ಅವಳು. ಎಣ್ಣೆ ಸುರಿಯೋದ್ರಲ್ಲಿ ಅವಳ ಕೈ ನೋಡ್ಬೇಕಿತ್ತು ನೀನು. ನೂಲಿನ ಹಾಗೆ ಇಳೀತಿತ್ತು, ಒಂದು ತೊಟ್ಟು ಆಚೆ ಚೆಲ್ತಿರ್ಲಿಲ್ಲ. ಅವಳಿಗೆ ಅಡುಗೆ ಅಷ್ಟಕ್ಕಷ್ಟೇ ಬಿಡು. ಅವನೇ ಅಂತಿದ್ದ, ಇವಳ ಕೈರುಚಿ ಇಂಜಿನ್ನಿಗೆ ಮಾತ್ರ ಹಿಡಿಸಿದೆ ಅಂತ.

ಆಮೇಲೆ ಅವಳಿಗೆ ಮರೆವು ಶುರುವಾಯ್ತು. ಮೊದಲು ಎಲ್ಲರಿಗೂ ಆಗೋ ಥರಾನೇ, ಕನ್ನಡಕ ಎಲ್ಲಿ, ಬೀಗದ ಕೈ ಎಲ್ಲಿ ಅಂತ. ಆಮೇಲೆ ಒಲೆ ಹಚ್ಚಿ ಬಿಟ್ಟು ಹೋಗೋದು. ಆಮೇಲೆ ಹೆತ್ತ ಮಗಳನ್ನ ನೋಡಿ, ಯಾರಮ್ಮ ನೀನು, ಯಾರ ಮನೆಯೋಳು ಅಂದ್ಳು. ಕೊನೆಗೆ ಇವನೂ ಅವಳ ನೆನಪಿಂದ ಹೋದ. ಇವನನ್ನ ಬಾಡಿಗೆ ಡ್ರೈವರ್ ಅಂದ್ಕೊಂಡ್ಳು. "ಡ್ರೈವರಪ್ಪ, ನಮ್ಮ ಯಜಮಾನ್ರು ಇನ್ನೂ ಬಂದಿಲ್ಲ, ಸ್ವಲ್ಪ ಕೂತಿರು" ಅನ್ನೋಳು. ಇವನು ಕೂತಿರ್ತಿದ್ದ. ಏನ್ಮಾಡ್ತಾನೆ? ತನಗೋಸ್ಕರ ತಾನೇ ಕಾಯ್ಕೊಂಡು ಕೂತಿರ್ತಿದ್ದ.

ಮಗಳು ಬಂದು, ಅಪ್ಪ, ಇಂಥೋರನ್ನ ನೋಡ್ಕೊಳ್ಳೋ ಮನೆ ಇದೆ, ಅಲ್ಲಿಗೆ ಸೇರಿಸೋಣ, ನಿನ್ನ ಕೈಲಿ ಆಗಲ್ಲ ಅಂದ್ಳು. ಅವಳದೂ ತಪ್ಪಿಲ್ಲ, ಅಮ್ಮ ಎರಡು ಸಲ ಬೀದೀಲಿ ಕಳೆದುಹೋಗಿದ್ಳು. ಇವನು ಎದ್ದು ಹೊರಗೆ ಹೋದ. ಕಾರನ್ನ ಹಲಗೆ ಮೇಲೆ ಹತ್ತಿಸ್ದ, ಹೆಂಡ್ತಿ ಕೈಗೆ ಡಬ್ಬ ಕೊಟ್ಟ, ಕೆಳಗೆ ನುಗ್ಗಿದ. ಟಕ್ ಟಕ್. ಅವಳು ಡಬ್ಬ ಎತ್ತಿ, ಅದೇ ನೂಲಿನ ಹಾಗೆ ಸುರಿದ್ಳು ಕಣೇ. ಕಣ್ಣು ಎಲ್ಲೋ, ಕೈ ಮಾತ್ರ ಇಲ್ಲಿ. ಮಗಳು ಅಲ್ಲೇ ಅತ್ಬಿಟ್ಳು. ಆಯ್ತು, ಅಮ್ಮ ಇಲ್ಲೇ ಇರ್ಲಿ, ಆದರೆ ಇದನ್ನೂ ಮರೆತ ದಿನ ನೀನೇ ಫೋನ್ ಮಾಡಿ ಹೇಳ್ಬೇಕು ಅಂತ ಮಾತು ತಗೊಂಡ್ಳು. ಇವನು ಕೊಟ್ಟ.

ಅಲ್ಲಿಂದ ಶುರುವಾಯ್ತು ನೋಡು ಅವನ ಹುಚ್ಚು. ಕಾರು ಬಾಡಿಗೆಗೆ ಹೋಗೋದೇ ನಿಂತಿತ್ತು, ಅವಳನ್ನ ಬಿಟ್ಟು ಎಲ್ಲಿಗೆ ಹೋಗ್ತಾನೆ. ಆದರೂ ಆಗಾಗ ಆಯಿಲ್ ಬದಲಾಯಿಸೋದು. ನಾನು ಹೋದಾಗ ನೋಡಿದ್ರೆ ಬೋಗುಣೀಲಿ ಬಿದ್ದಿರೋ ಎಣ್ಣೆ ಜೇನುತುಪ್ಪದ ಬಣ್ಣ. ಕಪ್ಪೇ ಆಗಿಲ್ಲ. ಇದ್ಯಾಕೋ ಚೆನ್ನಾಗಿರೋದನ್ನ ಚೆಲ್ತೀಯ, ತಲೆ ನೆಟ್ಟಗಿದ್ಯಾ ಅಂತ ಬೈದೆ. ಬಟ್ಟೇಲಿ ಕೈ ಒರೆಸ್ಕೊಂಡು, "ಎಣ್ಣೆಗೋಸ್ಕರ ಅಲ್ಲ ಅಕ್ಕ" ಅಂದ.

ಅವತ್ತೂ ನಾನಲ್ಲೇ ಇದ್ದೆ, ಮೆಟ್ಟಿಲ ಮೇಲೆ ಕೂತು ಬೀನ್ಸ್ ನಾರು ತೆಗೀತಿದ್ದೆ. ಬೆಳಗ್ಗೆ, ಒಳ್ಳೇ ಬಿಸಿಲು. ಶೆಡ್ಡಿಗೆ ರಜ, ಬೀದಿ ಸುಮ್ಮನಿತ್ತು. ಇವನು ಕೆಳಗೆ ಹೋಗಿ ಎಣ್ಣೆ ಇಳಿಸ್ದ, ಬೋಲ್ಟ್ ಬಿಗಿ ಮಾಡ್ದ. ಅವಳು ಬಾನೆಟ್ ಪಕ್ಕ ಡಬ್ಬ ಹಿಡ್ಕೊಂಡು ನಿಂತಿದ್ಳು, ತಲೆ ನಾನೇ ಬಾಚಿದ್ದೆ, ಕಾಲಲ್ಲಿ ನೀಲಿ ಚಪ್ಪಲಿ, ಲಕ್ಷಣವಾಗಿದ್ಳು. ಟಕ್ ಟಕ್ ಅಂತು.

ಅವಳು ತಲೆ ಎತ್ತಿದ್ಳು. ಡಬ್ಬಾನ ನೆಲಕ್ಕಿಟ್ಳು.

"ಯಾರೋ ಬಾಗಿಲು ತಟ್ತಿದಾರೆ" ಅಂದು, ನನ್ನ ದಾಟ್ಕೊಂಡು ಒಳಗೆ ಹೋದ್ಳು. ಬಾಗಿಲು ತೆರೆದೇ ಇತ್ತು. ಅದನ್ನ ಮುಚ್ಚಿ, ಮತ್ತೆ ತೆಗೆದು, ಹೊಸಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡಿದ್ಳು. ಮತ್ತೆ ಟಕ್ ಟಕ್. "ಬಂದೆ, ಬಂದೆ" ಅಂತ ಮತ್ತೆ ಮುಚ್ಚಿ ತೆಗೆದ್ಳು. ಯಾರೂ ಇಲ್ಲ. ಬಂದೋರು ಹೊರಟುಹೋದ್ರು ಪಾಪ ಅಂತ ನನಗೆ ಹೇಳಿದ್ಳು.

ಮೂರನೇ ಸಲ ತಟ್ಟಿದಾಗ ಮೆಲ್ಲಗಿತ್ತು, ಕೇಳಿಸ್ತೋ ಇಲ್ವೋ ಅನ್ನೋ ಹಾಗೆ. ನನ್ನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ. ಬೀನ್ಸ್ ಅಲ್ಲೇ ಬಿಟ್ಟು ಎದ್ದೋಗಿ, ಡಬ್ಬ ಎತ್ತಿ ಆಲಿಕೆಗೆ ಹಾಕ್ದೆ. ಆದಷ್ಟು ಸಣ್ಣಗೇ ಹಾಕ್ದೆ, ಅವಳ ಹಾಗೇ. ಮಾತೂ ಆಡ್ಲಿಲ್ಲ, ಉಸಿರೂ ಬಿಡ್ಲಿಲ್ಲ. ಡಬ್ಬ ಖಾಲಿಯಾಯ್ತು. ಅವನು ಹೊರಗೆ ಬರ್ಲಿಲ್ಲ. ಎಷ್ಟೋ ಹೊತ್ತು ಬರ್ಲಿಲ್ಲ. ಏನಾದ್ರೂ ಆಯ್ತೇನೋ ಅಂತ ನನಗೆ ಹೆದರಿಕೆ. ಬಗ್ಗಿ ನೋಡಿದ್ರೆ, ಸ್ಪ್ಯಾನರ್ ಎದೆ ಮೇಲಿಟ್ಕೊಂಡು ಸುಮ್ಮನೆ ಮಲಗಿದಾನೆ, ಕಣ್ಣು ಬಿಟ್ಕೊಂಡು.

"ಕಾರಿನ ಕೆಳಗಿದ್ದೋನಿಗೆ ಕಾಲು ಕಾಣ್ಸುತ್ತೆ ಅಕ್ಕ" ಅಂದ. "ನೀಲಿ ಚಪ್ಪಲಿ ಹೋಯ್ತು. ನಿನ್ನ ಚಪ್ಪಲಿ ಬಂತು."

ಇನ್ನೊಂದು ಸಲ ನೋಡೋಣ ಕಣೋ, ಇವತ್ತು ನಿದ್ದೆ ಸರಿಯಾಗಿಲ್ಲ ಅವಳಿಗೆ, ಶೆಡ್ಡಿನ ಸದ್ದಿಲ್ಲ, ಅದಕ್ಕೇ ಬಾಗಿಲು ಅಂದ್ಕೊಂಡ್ಳು, ಮಗಳಿಗೆ ಯಾರು ಹೇಳ್ತಾರೆ ಅಂದೆ. ಅವನು ಎದ್ದು ಬಂದ. ಕಡ್ಡಿ ಎಳೆದು ಎಣ್ಣೆ ಮಟ್ಟ ನೋಡ್ದ, ಒರೆಸ್ದ, ಮತ್ತೆ ಹಾಕಿ ನೋಡ್ದ. ಸರಿಯಾಗಿದೆ ಅಂದ. ಬಾನೆಟ್ ಮುಚ್ದ. ಸೋಪು ಹಾಕಿ ಕೈ ತೊಳೆದು, ಆಮೇಲೆ ಮಗಳಿಗೆ ಫೋನ್ ಮಾಡ್ದ.

ಹೆಂಡ್ತೀನ ಆ ನೋಡ್ಕೊಳ್ಳೋ ಮನೆಗೆ ಅದೇ ಕಾರಲ್ಲಿ ಅವನೇ ಕರ್ಕೊಂಡು ಹೋದ. ಹಿಂದಿನ ಸೀಟಲ್ಲಿ ಮಗಳ ಪಕ್ಕ ಕೂತು, ದಾರಿ ಪೂರ್ತಿ, ಡ್ರೈವರಪ್ಪ ತುಂಬ ಚೆನ್ನಾಗಿ ಓಡಿಸ್ತಾನೆ ಅಂತ ಹೊಗಳಿದ್ಳಂತೆ. ಇಳಿಯೋವಾಗ ಬ್ಯಾಗು ಅವನ ಕೈಗೆ ಕೊಟ್ಟು, ಯಜಮಾನ್ರು ಬಂದ್ರೆ ನಾನಿಲ್ಲಿದೀನಿ ಅಂತ ಹೇಳು ಅಂದ್ಳಂತೆ. ಹೇಳ್ತೀನಮ್ಮ ಅಂದನಂತೆ ಇವನು.

ಈಗ ಅವಳನ್ನ ನೋಡೋಕೆ ಹೋಗೋದೊಂದೇ ಆ ಕಾರಿಗೆ ಕೆಲಸ. ನಾನು ಹಾಕಿದ ಎಣ್ಣೇನೇ ಇನ್ನೂ ಇರೋದು. ಮೊನ್ನೆ ಕಡ್ಡಿ ಎಳೆದು ತೋರಿಸ್ದ, ಕಾಡಿಗೆ ಥರ ಕಪ್ಪಾಗಿದೆ, ಇಂಜಿನ್ನೂ ಗರಗರ ಅಂತಿದೆ. ಬದಲಾಯಿಸೋ, ಇಲ್ದಿದ್ರೆ ದಾರೀಲಿ ನಿಂತೋಗುತ್ತೆ, ಬೇಕಾದ್ರೆ ನಾನೇ ಬಂದು ಸುರೀತೀನಿ ಅಂದೆ. ಕಡ್ಡಿ ಒರೆಸಿ ಒಳಗಿಟ್ಟ.

"ಬೇಡ ಅಕ್ಕ. ನಿಲ್ಲೋವರೆಗೂ ಓಡ್ಲಿ" ಅಂದ.