ಗೋಡೆ ಯಾವ ಕಡೆ

ನಿವೃತ್ತಿಯಾದ ಮೇಲೂ ಡ್ರೈವರಣ್ಣನ ಕಾಲಿಗೆ ಬಸ್ಸಿನ ರೂಟು ಅಂಟಿಕೊಂಡೇ ಇತ್ತು. ಹಾಲು ತರಲು ಹೊರಟರೂ ಹಳೆಯ ಸ್ಟಾಪುಗಳಲ್ಲೆಲ್ಲ ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತಿದ್ದ.

"ಹೀಗೇ ಬಿಟ್ರೆ ಅಡುಗೆಮನೆಗೆ ಬರೋಕೂ ಹಾರ್ನ್ ಹೊಡೀತೀರ" ಎಂದು ಹೆಂಡತಿ ಅವನನ್ನು ಜೋಡಿ ನೃತ್ಯದ ಕ್ಲಾಸಿಗೆ ಎಳೆದುಕೊಂಡು ಹೋದಳು. ಅವಳು ಟೈಲರ್. ಇಡೀ ದಿನ ಹೊಲಿಗೆ ಮಿಷನ್ ತುಳಿಯುವ ಆ ಕಾಲುಗಳಿಗೆ ಕುಣಿಯುವ ಆಸೆ ಮದುವೆಗಿಂತ ಹಳೆಯದು.

ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲಿನ ಹಾಲಿನಲ್ಲಿ ಟೀಚರ್ ಮೊದಲ ದಿನವೇ ದಿಕ್ಕು ಹೇಳಿಕೊಟ್ಟರು. "ಇಲ್ಲಿ ಪೂರ್ವ ಪಶ್ಚಿಮ ಮರೆತುಬಿಡಿ. ಎಲ್ಲರೂ ಒಂದೇ ಕಡೆಗೆ, ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತಬೇಕು. ಹೋಗೋ ದಾರಿಗೆ ಮುಖ ಮಾಡಿದ್ರೆ ನಿಮ್ಮ ಬಲಕ್ಕೆ ಗೋಡೆ, ಎಡಕ್ಕೆ ಕೋಣೆ ನಡುಭಾಗ. ಮೂಲೆ ತಿರುಗಿದ ಮೇಲೆ ಆ ಹೊಸ ಗೋಡೆನೇ ನಿಮ್ಮ ಗೋಡೆ."

ಡ್ರೈವರಣ್ಣ ತಲೆಯಾಡಿಸಿದ. ಕಲಿತದ್ದು ಮಾತ್ರ ತನ್ನದೇ ದಾರಿಯಲ್ಲಿ. ಮೂಲೆಯ ಕಪಾಟು ಬಂದರೆ ತಿರುಗು, ನೀರಿನ ಡ್ರಮ್ಮು ಬಂದರೆ ಓರೆಯಾಗು, ಒಡೆದ ಟೈಲ್ಸ್ ಬಂದರೆ ನಿಧಾನ. ಹಿಮ್ಮುಖವಾಗಿ ಹೆಜ್ಜೆ ಇಡುವ ಹೆಂಡತಿ ಒಂದು ದಿನವೂ ಯಾವುದಕ್ಕೂ ಡಿಕ್ಕಿ ಹೊಡೆಯಲಿಲ್ಲ. ಅವನಿಗೆ ಒಳಗೊಳಗೇ ಹೆಮ್ಮೆ.

ಅಷ್ಟರಲ್ಲಿ ಪರೀಕ್ಷೆ ಬಂತು. ಪಾಸಾದವರಿಗೆ ಶನಿವಾರದ ದೊಡ್ಡ ಕೂಟದಲ್ಲಿ ಕುಣಿಯುವ ಅವಕಾಶ. ಟೀಚರ್ ಮುಚ್ಚುಮರೆ ಮಾಡಲಿಲ್ಲ. "ಡ್ರೈವರಣ್ಣ, ನಿಮಗಾಗದಿದ್ರೆ ಅಕ್ಕ ಕೂರೋದು ಬೇಡ. ಕನ್ನಡಕದಂಗಡಿ ಸರ್‌ಗೆ ಜೋಡಿ ಇಲ್ಲ, ಅವರ ಜೊತೆ ಕುಣೀಲಿ."

ಅದೇ ಕ್ಲಾಸಿನ ಕನ್ನಡಕದಂಗಡಿಯವನು ಉದ್ದ ಕಾಲಿನವನು, ಇಸ್ತ್ರಿ ಮುರಿಯದ ಷರಟಿನವನು. ಹೆಂಡತಿ ಬೇರೆಯವನ ಜೊತೆ ಕುಣಿದರೆ ಆಕಾಶ ಕಳಚಿ ಬೀಳುವುದಿಲ್ಲ, ನಿಜ. ಆದರೂ ತಾನು ಬೆಂಚಿನ ಮೇಲೆ ಕೂತು ಅವಳ ಕೈಚೀಲ ಕಾಯುವ ಚಿತ್ರ ಡ್ರೈವರಣ್ಣನ ಕಣ್ಣಿಂದ ಸರಿಯಲೊಲ್ಲದು.

ಪರೀಕ್ಷೆ ನಡೆದದ್ದು ಪಕ್ಕದ ಶಾಲೆಯ ಹಾಲಿನಲ್ಲಿ. ನಾಲ್ಕೂ ಗೋಡೆಗೆ ಹೊಸ ಸುಣ್ಣ. ಒಂದು ಕುರ್ಚಿಯೂ ಇಲ್ಲ. ಹಾಡು ಶುರುವಾಯಿತು. ಒಂದು ಬದಿ ಸಲೀಸಾಗಿ ದಾಟಿದ. ಮೂಲೆ ಬಂದಾಗ ಅಭ್ಯಾಸ ಬಲದಿಂದ ಕಪಾಟು ಹುಡುಕಿದ, ಸಿಗದೆ ತಿರುಗುವುದು ಬಿಟ್ಟು ಎದುರಿನ ಗೋಡೆಗೇ ಮುಖ ಮಾಡಿ ನಿಂತುಬಿಟ್ಟ. ಹಿಂದಿನಿಂದ ತನ್ನ ತಂಗಿಯ ಜೊತೆ ಕುಣಿಯುತ್ತ ಬರುತ್ತಿದ್ದ ಕ್ಲಾಸಿನ ಪೋಸ್ಟ್‌ಮನ್ ಬಂದು ಅವನ ಬೆನ್ನಿಗೆ ಗುದ್ದಿದ.

"ಡ್ರೈವರಣ್ಣ, ರಾಂಗ್ ಸೈಡು" ಅಂದು ಪಕ್ಕಕ್ಕೆ ಜಾರಿಕೊಂಡ.

"ಯಾಕ್ರೀ ನಿಂತ್ರಿ?" ಹೆಂಡತಿ ಪಿಸುಗುಟ್ಟಿದಳು.

"ಕಪಾಟಿಲ್ಲ ಕಣೇ."

"ಯಾವ ಕಪಾಟು?"

"ತಿರುಗೋದಕ್ಕೆ. ಅದನ್ನ ನೋಡ್ಕೊಂಡೇ ತಿರುಗ್ತಿದ್ದೆ."

ಅವಳಿಗೆ ನಗು ಉಕ್ಕಿತು. ತುಟಿ ಕಚ್ಚಿ ಹಿಡಿದಳು. "ಅಂದ್ರೆ ಇಷ್ಟು ದಿನ ನಾನು ಕಪಾಟನ್ನ ನಂಬಿ ಹಿಂದಕ್ಕೆ ನಡೀತಿದ್ನಾ?" ಅವನ ಬಲಭುಜದ ಮೇಲಿದ್ದ ತನ್ನ ಎಡಗೈಯನ್ನು ಒತ್ತಿದಳು. "ಎಲ್ಲರೂ ಹೋಗೋ ಕಡೆ ಮುಖ ಮಾಡಿ. ಹ್ಞಾ. ಈಗ ನನ್ನ ಈ ಕೈ ಇರೋ ಕಡೆ ಗೋಡೆ. ಯಾವ ಹಾಲಿಗೆ ಹೋದ್ರೂ ಅಷ್ಟೇ."

ಅವನು ಹಿಂದಿನಿಂದ ಬರುತ್ತಿದ್ದ ಜೋಡಿಗಳನ್ನು ಮುಂದೆ ಬಿಟ್ಟು, ಸಂದು ನೋಡಿಕೊಂಡು ಸಾಲಿಗೆ ಸೇರಿದ. ಒಮ್ಮೆ ಅವಳ ಕಾಲು ತುಳಿದ. ಮೂಲೆ ಬಂತು, ಕೈ ಒತ್ತಿತು, ತಿರುಗಿದ.

ಹಾಡು ಮುಗಿದಾಗ ಟೀಚರ್ ಅಂದರು: "ದಾರಿ ತೋರಿಸಿದ್ದು ಅಕ್ಕ. ಇನ್ನೊಂದು ಸುತ್ತು ಬನ್ನಿ. ಅಕ್ಕ, ಕೈ ಒತ್ತೋ ಹಾಗಿಲ್ಲ."

ಈ ಸಲ ಅವಳ ಕೈ ಭುಜದ ಮೇಲೆ ಒಣಗಲು ಹಾಕಿದ ಬಟ್ಟೆಯಷ್ಟು ಹಗುರವಾಗಿತ್ತು. ಅದು ಎಲ್ಲಿದೆಯೆಂದು ಗೊತ್ತಾದರೆ ಸಾಕಿತ್ತು ಅವನಿಗೆ. ಮೊದಲ ಮೂಲೆ, ಎರಡನೆಯದು. ಗೋಡೆ ಬದಲಾಯಿತು, ಮತ್ತೆ ಬದಲಾಯಿತು, ಅವನು ಗಾಬರಿಯಾಗಲಿಲ್ಲ.

ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು. ಅದನ್ನು ನೋಡಿದ ಟೀಚರ್ ಪಕ್ಕದಲ್ಲಿ ನಿಂತಿದ್ದ ಕನ್ನಡಕದಂಗಡಿಯವನ ಕಡೆ ತಿರುಗಿ, "ಸರ್, ನಿಮಗೆ ಬೇರೆ ಯಾರನ್ನಾದ್ರೂ ನೋಡೋಣ" ಅಂದರು.