ರುಚಿ ನೋಡದ ಗ್ರಾನೋಲಾ

ಅಮ್ಮ ಇಪ್ಪತ್ತಾರು ವರ್ಷ ನನ್ನ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲಿಲ್ಲ. ಹೀಗೆ ಹೇಳಿದರೆ ಕೇಳಿದವರು 'ಅಯ್ಯೋ ಪಾಪ' ಎನ್ನುತ್ತಾರೆ. ಯಾರು ಪಾಪ, ಅವಳೋ ನಾನೋ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ನಾನು ಬೇರೆ ಜಾತಿಯವರನ್ನು ಮದುವೆಯಾದೆ, ಅಷ್ಟೇ ಕಾರಣ. ಅಪ್ಪ ಭದ್ರಾವತಿಯಲ್ಲಿ ಸಂಸ್ಕೃತದ ಮೇಷ್ಟ್ರಾಗಿದ್ದರು. ಅವರು ಮಾತು ಬಿಟ್ಟರು, ಮೂರು ವರ್ಷ ಬಿಟ್ಟು ಮತ್ತೆ ಮಾತಾಡಿದರು, ಆಮೇಲೆ ತೀರಿಕೊಂಡರು. ಅಮ್ಮ ಮಾತು ಬಿಟ್ಟವಳೇ ಅಲ್ಲ. ಶಿವಮೊಗ್ಗಕ್ಕೆ ಬಂದಾಗಲೆಲ್ಲ ರವೀಂದ್ರನಗರದ ನಮ್ಮ ಮನೆಗೆ ಬರುತ್ತಿದ್ದಳು. ನನ್ನ ಮಗಳಿಗೆ ಜಡೆ ಹಾಕುತ್ತಿದ್ದಳು, ನನ್ನ ಗಂಡನ ಜೊತೆ ಕೂತು ಗಂಟೆಗಟ್ಟಲೆ ಹರಟುತ್ತಿದ್ದಳು. ಆದರೆ ಅವಳ ಚೀಲದಲ್ಲಿ ಅವಳದೇ ನೀರಿನ ಬಾಟಲಿ ಇರುತ್ತಿತ್ತು. ಬಾಳೆಹಣ್ಣು ಕೊಟ್ಟರೆ ತಿನ್ನುತ್ತಿದ್ದಳು, ಅದಕ್ಕೆ ಸಿಪ್ಪೆ ಇದೆಯಲ್ಲ. ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಎದ್ದು, "ಬಸ್ಸಿಗೆ ಹೊತ್ತಾಯ್ತು ಮಾರಾಯ್ತಿ, ಬರ್ತೀನಿ" ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಭದ್ರಾವತಿಗೆ ಬಸ್ಸಿಗೇನು ಬರವೇ? ಒಂದು ಹೋದರೆ ಇನ್ನೊಂದು ನಿಂತಿರುತ್ತದೆ.

ನಾನೂ ಸಾಮಾನ್ಯದವಳಲ್ಲ. ಅಮ್ಮನ ಕಟ್ಟುಪಾಡಿನಲ್ಲೂ ಒಂದಷ್ಟು ಸಡಿಲ ಇತ್ತೆಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮ ಮನೆಯ ಲೆಕ್ಕ ಹೀಗಿತ್ತು: ಉಪ್ಪು, ನೀರು ಬಿದ್ದು ಬೆಂದದ್ದು ಮುಸುರೆ, ಅದನ್ನು ಕಂಡವರ ಮನೆಯಲ್ಲಿ ತಿನ್ನುವಂತಿಲ್ಲ. ಬರೀ ಹಾಲಿನಲ್ಲಿ, ತುಪ್ಪದಲ್ಲಿ ಮಾಡಿದ್ದಕ್ಕೆ ಆ ದೋಷ ಇಲ್ಲ. ಅಂದಮೇಲೆ ತುಪ್ಪದಲ್ಲಿ ಏನಾದರೂ ಹುರಿದು ಕೊಡಬಹುದಿತ್ತು. ಕೊಡಲಿಲ್ಲ. ತಿಂದರೆ ನನ್ನ ಮನೆಯ ಅನ್ನ ತಿನ್ನಲಿ, ಇಲ್ಲದಿದ್ದರೆ ಬೇಡ, ಸಂದಿಯಲ್ಲಿ ನುಗ್ಗಿ ಅವಳ ಹೊಟ್ಟೆ ಸೇರುವ ದರ್ದು ನನಗಿಲ್ಲ ಎಂದು ಹಟ ಹಿಡಿದಿದ್ದೆ. ಅವಳದು ಮಡಿ, ನನ್ನದು ಜಂಬ. ಇಪ್ಪತ್ತಾರು ವರ್ಷ ಹೀಗೇ ಕಳೆದವು.

ಹೋದ ವರ್ಷ ಅಮ್ಮ ಊಟ ಬಿಡತೊಡಗಿದಳು. ಅವಳಿದ್ದದ್ದು ಭದ್ರಾವತಿಯಲ್ಲಿ, ಅಣ್ಣ ಅತ್ತಿಗೆಯ ಜೊತೆ. ಅತ್ತಿಗೆ ನೋಡಿಕೊಳ್ಳುವುದರಲ್ಲಿ ಒಂದು ಕೂದಲಷ್ಟೂ ಕೊರತೆ ಮಾಡಿದವರಲ್ಲ. ಆದರೂ ಅನ್ನ ಕಂಡರೆ ಅಮ್ಮ ಮುಖ ತಿರುಗಿಸುತ್ತಿದ್ದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ವಯಸ್ಸಿನದು, ಹೇಗಾದರೂ ಹೊಟ್ಟೆಗೆ ಹೋಗುವ ಹಾಗೆ ನೋಡಿಕೊಳ್ಳಿ, ಓಟ್ಸ್ ಕೊಡಿ ಎಂದರು. ಅತ್ತಿಗೆ ಓಟ್ಸ್ ಗಂಜಿ ಮಾಡಿಕೊಟ್ಟರು. ಅಮ್ಮ ಚಮಚ ಎತ್ತಿ ನೋಡಿ, "ಗೋಡೆಗೆ ಪೋಸ್ಟರ್ ಅಂಟಿಸ್ಬಹುದು ಕಣೇ ಇದ್ರಲ್ಲಿ" ಎಂದಳಂತೆ. ಫೋನಿನಲ್ಲಿ ಇದನ್ನು ಕೇಳಿ ನಕ್ಕೆ. ಫೋನಿಟ್ಟ ಮೇಲೆ ಭಯವಾಯಿತು. ಅಮ್ಮ ಹೋಗಿಬಿಡುತ್ತಾಳೆ, ನನ್ನ ಕೈಯಿಂದ ಒಂದು ತುತ್ತೂ ತಿನ್ನದೆ ಹೋಗಿಬಿಡುತ್ತಾಳೆ ಎನ್ನುವುದು ಅಂದು ಮೊದಲ ಸಲ ನನಗೆ ಸರಿಯಾಗಿ ತಲೆಗೆ ಹೋಯಿತು.

ಆ ದಿನಗಳಲ್ಲೇ ಕಾಲೇಜಿಗೆ ಹೋಗುವ ನನ್ನ ಮಗಳು ಮೊಬೈಲು ನೋಡಿಕೊಂಡು ಗ್ರಾನೋಲಾ ಮಾಡುತ್ತಿದ್ದಳು. ಓಟ್ಸ್, ಬೀಜಗಳು, ಜೇನುತುಪ್ಪ, ಎಣ್ಣೆ ಕಲಸಿ ಓವನ್ನಿನಲ್ಲಿ ಗರಿಯಾಗಿಸುವುದು, ಹಾಲಿಗೆ ಹಾಕಿಕೊಂಡು ತಿನ್ನುವುದು. ಅವಳ ಪಕ್ಕ ನಿಂತು ನೋಡುತ್ತಿದ್ದವಳಿಗೆ ಥಟ್ಟನೆ ಹೊಳೆಯಿತು. ಇದಕ್ಕೆ ಒಂದು ಹನಿ ನೀರು ಬೇಕಾಗಿಲ್ಲ. ಎಣ್ಣೆಯ ಬದಲು ತುಪ್ಪ ಹಾಕಿದರೆ ಇದು ಮುಸುರೆಯೇ ಅಲ್ಲ.

ಓವನ್ ಮುಟ್ಟುವ ಹಾಗಿರಲಿಲ್ಲ. ಅದರಲ್ಲಿ ಮೊಟ್ಟೆ ಹಾಕಿದ ಕೇಕು ಎಷ್ಟು ಸಲ ಬೆಂದಿದೆಯೋ. ಹೊಸ ಬಾಣಲೆ, ಹೊಸ ಸೌಟು ಕೊಂಡು ತಂದೆ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಒಲೆ ಒರೆಸಿ ನಿಂತೆ. ಸಣ್ಣ ಉರಿಯಲ್ಲಿ ಓಟ್ಸನ್ನು ತುಪ್ಪದಲ್ಲಿ ಕೆಂಪಗೆ ಹುರಿದೆ. ಜೇನಿನ ಜಾಗಕ್ಕೆ ಜೋನಿಬೆಲ್ಲ. ಅದು ತಾನೇ ದ್ರವವಾದ್ದರಿಂದ ಪಾಕಕ್ಕೆ ನೀರು ಬೇಡ. ಕೊಬ್ಬರಿ, ಎಳ್ಳು, ಒಣದ್ರಾಕ್ಷಿ, ಏಲಕ್ಕಿ. ಅಮ್ಮನಿಗೆ ಶೇಂಗಾ ಎಂದರೆ ಪ್ರಾಣ. ಗಾಂಧಿಬಜಾರಿನಿಂದ ಹುರಿದ ಶೇಂಗಾ ತಂದು, ಸಿಪ್ಪೆ ಉಜ್ಜಿ ತೆಗೆದು, ತರಿತರಿಯಾಗಿ ಕುಟ್ಟಿ ಸೇರಿಸಿದೆ. ಹಸಿ ಶೇಂಗಾ ತಂದು ನಾನೇ ಹುರಿಯಬಹುದಿತ್ತು. ಸೋಮಾರಿತನ, ಬೇರೇನಲ್ಲ. ಹುರಿಗಡಲೆ ಅಮ್ಮನ ಮನೆಗೂ ಅಂಗಡಿಯಿಂದಲೇ ಬರುತ್ತದಲ್ಲ, ಇದೂ ಹಾಗೇ ಎಂದುಕೊಂಡೆ. ಎಲ್ಲ ಮುಗಿದ ಮೇಲೆ ಗಂಡ ಬಂದು ಬಾಣಲೆಗೆ ಕೈಹಾಕಲು ನೋಡಿದರು. ಕೈ ಮೇಲೊಂದು ಕೊಟ್ಟೆ. ಮಡಿಯಲ್ಲಿ ಮಾಡಿದ್ದನ್ನು ಮಾಡಿದವರೂ ರುಚಿ ನೋಡಬಾರದು, ಎಂಜಲಾಗುತ್ತದೆ. ಅಮ್ಮ ಹಬ್ಬದ ಅಡುಗೆಯನ್ನು ಇಡೀ ಜನ್ಮ ಹಾಗೇ ಮಾಡಿದವಳು; ಉಪ್ಪು ಖಾರ ಎಲ್ಲ ಕೈಯಂದಾಜು, ಮೂಗಿನಂದಾಜು. ನಾನೂ ಹಾಗೇ ಮಾಡಿದೆ. ಒಂದು ಕಾಳು ಬಾಯಿಗೆ ಹಾಕಿಕೊಳ್ಳಲಿಲ್ಲ.

ಭದ್ರಾವತಿಯಲ್ಲಿ ಡಬ್ಬಿ ಬಿಚ್ಚಿ, "ಅಮ್ಮ, ಇದ್ರಲ್ಲಿ ನೀರಿಲ್ಲ, ಉಪ್ಪಿಲ್ಲ. ತುಪ್ಪದಲ್ಲಿ ಹುರಿದಿದ್ದು. ಬಾಣಲೆ ಹೊಸದು" ಎಂದೆ. ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ ನಿಂತಿದ್ದೆ. ಅಮ್ಮ ನನ್ನನ್ನು ನೋಡಿದಳು, ಡಬ್ಬಿ ನೋಡಿದಳು. ಅತ್ತಿಗೆ ಬಿಸಿ ಹಾಲು ತಂದರು. ಅಮ್ಮ ನಾಲ್ಕು ಚಮಚ ಹಾಕಿಸಿಕೊಂಡು, ಮೆತ್ತಗಾಗಲು ಬಿಟ್ಟು, ಒಂದು ಚಮಚ ಬಾಯಿಗಿಟ್ಟಳು. ಅಗಿಯುವುದನ್ನು ಒಂದು ಕ್ಷಣ ನಿಲ್ಲಿಸಿದಳು. ಆಮೇಲೆ ನುಂಗಿ, "ಚೆನ್ನಾಗಿದೆ ಕಣೇ" ಎಂದಳು. ಬಟ್ಟಲು ಖಾಲಿ ಮಾಡಿದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಐವತ್ತು ದಾಟಿದ ಹೆಂಗಸು ಹೀಗೆ ಅಳುವುದನ್ನು ನೋಡಿ ಪಕ್ಕದವರು ಯಾರೋ ಸತ್ತಿದ್ದಾರೆ ಎಂದುಕೊಂಡಿರಬೇಕು.

ಎರಡು ತಿಂಗಳು ಪ್ರತಿ ಭಾನುವಾರ ಹೀಗೇ ನಡೆಯಿತು. ಅಮ್ಮ ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು ತಿನ್ನುತ್ತಿದ್ದಳು. ಕೆನ್ನೆ ಸ್ವಲ್ಪ ತುಂಬಿಕೊಂಡಿತು. ಡಬ್ಬಿ ಶುಕ್ರವಾರಕ್ಕೇ ಖಾಲಿಯಾಗುತ್ತದೆ, ಜಾಸ್ತಿ ಮಾಡಿಕೊಂಡು ಬನ್ನಿ ಎಂದು ಅತ್ತಿಗೆ ಹೇಳಿದರು. ನನ್ನ ಜೀವನದಲ್ಲಿ ಯಾವ ಸನ್ಮಾನವೂ ನನಗೆ ಅಷ್ಟು ಹಿತವಾಗಿರಲಿಲ್ಲ.

ಒಂದು ಶನಿವಾರ ಸಂಜೆ ಮಗಳು ಅಡುಗೆಮನೆಯಲ್ಲಿದ್ದ ಶೇಂಗಾ ಪೊಟ್ಟಣಕ್ಕೆ ಕೈಹಾಕಿ ನಾಲ್ಕು ಬೀಜ ಬಾಯಿಗೆಸೆದುಕೊಂಡಳು. "ಅಮ್ಮಾ, ಉಪ್ಪಿನ ಶೇಂಗಾ ಯಾಕೆ ತಂದಿದೀಯ? ಸಿಹಿಗೆ ಇದನ್ನ ಹಾಕ್ತಾರಾ?" ಎಂದಳು. ನಾನೂ ಒಂದು ಬೀಜ ಬಾಯಿಗೆ ಹಾಕಿಕೊಂಡೆ. ಉಪ್ಪು. ಆ ಕೂಡಲೇ ಆಟೋ ಹಿಡಿದು ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಪ್ರಶ್ನೆಗೆ ನಕ್ಕೇಬಿಟ್ಟ. "ಉಪ್ಪುನೀರಲ್ಲಿ ನೆನೆಸಿ, ಆಮೇಲೆ ಮರಳಲ್ಲಿ ಹುರಿಯೋದು ಅಕ್ಕ. ಸಪ್ಪೆ ಶೇಂಗಾ ಯಾರು ತಗೋತಾರೆ? ಯಾವಾಗ್ಲೂ ಇದೇ ಮಾಲು." ಉಪ್ಪೂ ಆಯಿತು, ನೀರೂ ಆಯಿತು. ಎರಡು ತಿಂಗಳು ಅಮ್ಮನಿಗೆ ನಾನು ತಿನ್ನಿಸಿದ್ದು ಮುಸುರೆ.

ಇಲ್ಲಿಗೆ ಬಾಯಿ ಮುಚ್ಚಿಕೊಂಡು, ಮರುದಿನ ಹಸಿ ಶೇಂಗಾ ತಂದು ಹುರಿದಿದ್ದರೆ ಕಥೆ ಮುಗಿಯುತ್ತಿತ್ತು. ಗಂಡ ಅದನ್ನೇ ಹೇಳಿದರು. "ಅವ್ರಿಗೆ ಗೊತ್ತಾಗಿಲ್ಲ, ನಿಂಗೆ ಗೊತ್ತಿರ್ಲಿಲ್ಲ. ಬಿಟ್ಬಿಡು." ನಾನು ಬಿಡಲಿಲ್ಲ. ಅಮ್ಮನಿಗೆ ಸುಳ್ಳು ಹೇಳಲಾರೆ ಎಂದೆ. ಈಗ ಯೋಚಿಸಿದರೆ ಅದೂ ಪೂರ್ತಿ ನಿಜವಲ್ಲ. ನನ್ನೊಳಗೆ ಇನ್ನೊಂದು ಆಸೆ ಇತ್ತು, ಅದನ್ನು ಇಲ್ಲಿಯಾದರೂ ಒಪ್ಪಿಕೊಳ್ಳುತ್ತೇನೆ. ನೋಡು, ಎರಡು ತಿಂಗಳು ನನ್ನ ಮನೆಯ ಉಪ್ಪು ತಿಂದೆ, ಏನಾಯಿತು? ಮೈ ತುಂಬಿಕೊಂಡಿತು ಅಷ್ಟೇ ತಾನೆ? ಹೀಗೆ ಕೇಳಬೇಕಿತ್ತು ನನಗೆ. ಅವಳು ನಕ್ಕು, ಹೋಗ್ಲಿ ಬಿಡು ಮಾರಾಯ್ತಿ, ನಾಳೆಯಿಂದ ಅನ್ನವನ್ನೂ ತಿಂತೀನಿ ಎನ್ನಬೇಕಿತ್ತು. ಇಪ್ಪತ್ತಾರು ವರ್ಷದ ಜಗಳವನ್ನು ಗೆಲ್ಲಬೇಕಿತ್ತು.

ಭಾನುವಾರ ಅಮ್ಮ ಹಜಾರದ ಕುರ್ಚಿಯಲ್ಲಿ ಕೂತು ತಿನ್ನುತ್ತಿದ್ದಳು. ಅತ್ತಿಗೆ ಅಲ್ಲೇ ಕೆಳಗೆ ಹುರುಳಿಕಾಯಿ ಹೆಚ್ಚುತ್ತಿದ್ದರು. ನಾನು ಹೇಳಿದೆ. ಶೇಂಗಾ, ಉಪ್ಪುನೀರು, ಮರಳು, ಎಲ್ಲವನ್ನೂ ಪಾಠ ಮಾಡುವವಳ ಹಾಗೆ ಬಿಡಿಸಿ ಹೇಳಿದೆ. ಅತ್ತಿಗೆಯ ಚಾಕು ನಿಂತಿತು. ಅಮ್ಮ ಚಮಚವನ್ನು ಬಟ್ಟಲಿನಲ್ಲಿಟ್ಟಳು, ಬಟ್ಟಲನ್ನು ನೆಲದ ಮೇಲಿಟ್ಟಳು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದಳು. ಬಾಯಿ ಮುಕ್ಕಳಿಸುವ ಸದ್ದು ಕೇಳಿತು, ಆಮೇಲೆ ತಲೆಗೆ ನೀರು ಸುರಿದುಕೊಳ್ಳುವ ಸದ್ದು. ಮೈಯಲ್ಲಿ ಶಕ್ತಿಯಿಲ್ಲದ ಮುದುಕಿ ಆ ಹೊತ್ತಿನಲ್ಲಿ ತಲೆಸ್ನಾನ ಮಾಡಿದಳು. ನನಗೆ ಒಂದು ಬೈಗುಳವೂ ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಅಣ್ಣ ಪುರೋಹಿತರನ್ನು ಕರೆಸಿ ಅವಳಿಗೆ ಪಂಚಗವ್ಯ ಕೊಡಿಸಿದನಂತೆ.

ಮುಂದಿನ ಭಾನುವಾರ ಹಸಿ ಶೇಂಗಾವನ್ನು ನಾನೇ ಹುರಿದು, ಎಲ್ಲವನ್ನೂ ಮೊದಲಿನಿಂದ ಮಾಡಿಕೊಂಡು ಹೋದೆ. "ಈ ಸಲ ನಿಜವಾಗ್ಲೂ ಉಪ್ಪಿಲ್ಲ ಅಮ್ಮ" ಎಂದೆ. "ಇಡು ಅಲ್ಲಿ" ಎಂದಳು. ಇಟ್ಟೆ. ಅದರ ಮುಂದಿನ ಭಾನುವಾರ ಹೋದಾಗ ಡಬ್ಬಿ ಇಟ್ಟಲ್ಲೇ ಇತ್ತು, ಮುಚ್ಚಳಕ್ಕೆ ನಾನು ಸುತ್ತಿದ್ದ ರಬ್ಬರ್ ಬ್ಯಾಂಡ್ ಕೂಡ ಹಾಗೇ ಇತ್ತು. ಅತ್ತಿಗೆ ಮತ್ತೆ ಗಂಜಿಗೆ ಬಂದಿದ್ದರು. ಎರಡು ಚಮಚ ಹೋದರೆ ಹೆಚ್ಚು. ಅಮ್ಮನ ಚಿನ್ನದ ಬಳೆ ಮೊಣಕೈವರೆಗೆ ಜಾರುತ್ತಿತ್ತು. ನಾನು ಅತ್ತಿಗೆಯ ಮುಖ ನೋಡಲಾರದೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ನಾನು ಬಾಯಿ ಬಿಡುವವರೆಗೆ ಅವಳು ತಿನ್ನುತ್ತಿದ್ದಳು. ಇದನ್ನು ಹೇಗೆ ತಿರುಗಿಸಿ ನೋಡಿದರೂ ಬೇರೆ ಅರ್ಥ ಬರುವುದಿಲ್ಲ.

ಕೊನೆಯ ಸಲ ನಾವಿಬ್ಬರೇ ಇದ್ದದ್ದು ಒಂದು ಮಧ್ಯಾಹ್ನ. ಅತ್ತಿಗೆ ಔಷಧಿ ತರಲು ಹೋಗಿದ್ದರು. ನಾನು ಹಾಸಿಗೆಯ ಪಕ್ಕ ಕೂತು ಅಮ್ಮನ ಕೈಯುಗುರು ಕತ್ತರಿಸುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಯಾಕೆ ಹೇಳಿದೆ?"

"ಏನಮ್ಮ?"

"ಶೇಂಗಾ ವಿಷ್ಯ. ಉಪ್ಪಿದೆ ಅಂತ ನಂಗೆ ಮೊದಲ್ನೇ ದಿನಾನೇ ಗೊತ್ತಾಯ್ತು. ನಾಲಿಗೆ ಸತ್ತಿತ್ತಾ ನಂದು?"

"ಮತ್ತೆ ಯಾಕೆ ತಿಂದೆ?"

"ನೀನು ಇಲ್ಲ ಅಂದಿದ್ಯಲ್ಲ. ನೀನು ಇಲ್ಲ ಅಂದ್ಮೇಲೆ ಇಲ್ಲ. ನಾನು ಹಾಗೇ ಅಂದ್ಕೊಂಡು ತಿಂದೆ." ಸ್ವಲ್ಪ ಹೊತ್ತು ಉಸಿರು ತಗೊಂಡಳು. "ಎಷ್ಟು ವರ್ಷ ಕಾದಿದ್ದೆ ಗೊತ್ತಾ, ಹೀಗೊಂದು ಏನಾದ್ರೂ ತರ್ತೀಯ ಅಂತ."

"ಈಗ್ಲೂ ತಿನ್ನಮ್ಮ. ಈಗ ತಂದಿರೋದ್ರಲ್ಲಿ ನಿಜವಾಗ್ಲೂ ಇಲ್ಲ."

"ನೀನೇ ಎಲ್ರೆದ್ರು ಇತ್ತು ಅಂದೆ. ನಿನ್ನತ್ತಿಗೆ ಕೇಳಿಸ್ಕೊಂಡ್ಳು, ದೇವ್ರು ಕೇಳಿಸ್ಕೊಂಡ. ಇನ್ಮೇಲೆ ನೀನು ಇಲ್ಲ ಅಂದ್ರೂ ನಾನು ಹೇಗೆ ನಂಬ್ಲಿ ಮಾರಾಯ್ತಿ? ನಂಬಿದ ಹಾಗೆ ಹೇಗಿರ್ಲಿ?"

ಕೋಪದಿಂದ ಹೇಳಲಿಲ್ಲ. ಕಳೆದುಹೋದ ವಸ್ತುವಿನ ಬಗ್ಗೆ ಹೇಳುವ ಹಾಗೆ ಹೇಳಿದಳು. ಉಳಿದ ಕೈಯನ್ನು ನನ್ನ ಮುಂದೆ ಚಾಚಿದಳು. ಆ ಐದು ಉಗುರುಗಳನ್ನೂ ಕತ್ತರಿಸಿದೆ.

ಹತ್ತು ದಿನಕ್ಕೆ ಅಮ್ಮ ಹೋದಳು. ಕರ್ಮಗಳೆಲ್ಲ ಭದ್ರಾವತಿಯಲ್ಲೇ ನಡೆದವು. ವೈಕುಂಠ ಸಮಾರಾಧನೆಯ ದಿನ ಅತ್ತಿಗೆ ನನ್ನನ್ನೂ ಎಲ್ಲರ ಪಂಕ್ತಿಯಲ್ಲೇ ಕೂರಿಸಿ ಬಡಿಸಿದರು. ನನಗೆ ಏನೂ ಇಳಿಯಲಿಲ್ಲ.

ಮನೆಗೆ ಬಂದ ಮೇಲೆ ಒಂದು ಅನುಮಾನ ಬಿಡದೆ ಕಾಡಿತು. ಮೋಸದಿಂದ ತಿನ್ನಿಸಿದೆನೆಂದು ಮಗಳು ಕೊರಗದಿರಲಿ ಎಂದು ಸಾಯುವ ಮುದುಕಿ ಹಾಗೆ ಹೇಳಿರಬಹುದು. ಜೋನಿಬೆಲ್ಲ, ಏಲಕ್ಕಿ, ತುಪ್ಪದ ನಡುವೆ, ಹಾಲಿನಲ್ಲಿ ನೆನೆದ ಮೇಲೆ, ಒಂದಿಷ್ಟು ಶೇಂಗಾದ ಉಪ್ಪು ಅವಳಿಗೆ ಎಲ್ಲಿ ತಿಳಿದಿರುತ್ತದೆ? ತಿಳಿದಿರಲಿಕ್ಕಿಲ್ಲ. ಹಾಗೆಂದುಕೊಂಡರೆ ಸ್ವಲ್ಪ ನಿದ್ದೆ ಬರುತ್ತಿತ್ತು. ಒಂದು ಭಾನುವಾರ ಅದೇ ಅಂಗಡಿಯ ಶೇಂಗಾ ತಂದು, ಅದೇ ಬಾಣಲೆಯಲ್ಲಿ, ಒಂದನ್ನೂ ಬದಲಿಸದೆ ಮತ್ತೆ ಮಾಡಿದೆ. ಬಿಸಿ ಹಾಲಿಗೆ ನಾಲ್ಕು ಚಮಚ ಹಾಕಿ, ಮೆತ್ತಗಾಗಲು ಬಿಟ್ಟು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಅಷ್ಟು ದಿನ ಮಾಡಿ ಹೊತ್ತೊಯ್ದವಳು ಅದನ್ನು ಬಾಯಿಗೆ ಹಾಕಿಕೊಂಡದ್ದು ಅದೇ ಮೊದಲು.

ಮೊದಲ ಚಮಚದಲ್ಲೇ ಉಪ್ಪು ನಾಲಿಗೆಗೆ ತಾಗಿತು. ಮಗುವಿಗೂ ಗೊತ್ತಾಗುತ್ತಿತ್ತು.